ಮೊದಲ ಹತ್ತು ನಿಮಿಷದ ಅಪರಿಚಿತ



ಹಾಡುಹಗಲು. ಅಮೆರಿಕದ ಒಂದು ದೊಡ್ಡ ಊರಿನ ಬಡ ಬೀದಿ. ಹುಡುಗರು ಚೆಂಡಾಡುತ್ತಿದ್ದಾರೆ. ಅದೇ ಬೀದಿಯ ಬಾಡಿಗೆ ಕೋಣೆಯೊಂದರಲ್ಲಿ ಒಬ್ಬ ಗಂಡಸು ಸೂಟು ಹಾಕಿಕೊಂಡೇ ಹಾಸಿಗೆಯ ಮೇಲೆ ಅಂಗಾತ ಮಲಗಿದ್ದಾನೆ. ಬೆರಳುಗಳ ನಡುವೆ ಸಿಗಾರು. ಪಕ್ಕದ ಮೇಜಿನ ಮೇಲೂ ಕೆಳಗೆ ನೆಲದ ಮೇಲೂ ನೋಟುಗಳು ಚೆಲ್ಲಾಡಿವೆ. ಅವನಿಗೆ ಅದರ ಗಮನವೇ ಇಲ್ಲ. ಮನೆಯೊಡತಿ ಬಾಗಿಲು ತಟ್ಟಿ ಒಳಗೆ ಬರುತ್ತಾಳೆ. ನಿಮ್ಮನ್ನು ಕೇಳಿಕೊಂಡು ಇಬ್ಬರು ಬಂದಿದ್ದರು ಎನ್ನುತ್ತಾಳೆ. ನೆಲದ ಮೇಲಿನ ದುಡ್ಡು ಕಂಡು ಗಾಬರಿಯಾಗಿ, ಹೀಗೆಲ್ಲ ಬಿಡಬಾರದು ಎಂದು ಎತ್ತಿಡುತ್ತಾಳೆ. ಬಹಳ ದಣಿದವರ ಹಾಗೆ ಕಾಣುತ್ತೀರಿ, ಸ್ವಲ್ಪ ನಿದ್ದೆ ಮಾಡಿ ಎಂದು ಕಿಟಕಿಯ ಪರದೆ ಎಳೆಯುತ್ತಾಳೆ. ಪರದೆಯ ನೆರಳು ನಿಧಾನವಾಗಿ ಅವನ ಮುಖದ ಮೇಲೆ ಇಳಿಯುತ್ತದೆ. ಇಷ್ಟು ಹೊತ್ತು ಅಲುಗಾಡದೆ ಬಿದ್ದುಕೊಂಡಿದ್ದವನು, ಕೋಣೆ ಕತ್ತಲಾದ ಮೇಲೆ ಎದ್ದು ಕೂರುತ್ತಾನೆ.

ಇದು ಆಲ್ಫ್ರೆಡ್ ಹಿಚ್‌ಕಾಕ್ ಅವರ ‘ಶ್ಯಾಡೋ ಆಫ್ ಎ ಡೌಟ್’ ಚಿತ್ರದ ಆರಂಭ. 1943ರಲ್ಲಿ ಬಂದದ್ದು. ಮಲಗಿದ್ದವನ ಹೆಸರು ಚಾರ್ಲಿ. ಥ್ರಿಲ್ಲರ್ ಚಿತ್ರಗಳು ತಮ್ಮ ಮುಖ್ಯ ಪಾತ್ರವನ್ನು ನಮ್ಮ ಮುಂದೆ ತಂದು ನಿಲ್ಲಿಸುವ ಬಗೆಯ ಕುರಿತು ಇಂದು ಮಾತನಾಡಬೇಕೆಂದುಕೊಂಡಿದ್ದೇನೆ. ಆ ಮನುಷ್ಯ ಒಳ್ಳೆಯವನೋ ಕೆಟ್ಟವನೋ, ಬೇಟೆಗಾರನೋ ಬೇಟೆಯೋ, ಕಥೆ ಅವನದೋ ಇನ್ನೊಬ್ಬರದೋ ಎಂಬುದು ತಿಳಿಯದ ಒಂದು ಸ್ಥಿತಿಯನ್ನು ಆ ಚಿತ್ರಗಳು ಮೊದಲ ಹತ್ತು ನಿಮಿಷದಲ್ಲಿ ಕಟ್ಟುತ್ತವೆ. ಹೇಗೆ ಕಟ್ಟುತ್ತವೆ ಎಂಬುದನ್ನು ನೋಡೋಣ. ಹಳೆಯ ಚಿತ್ರಗಳನ್ನೇ ಆರಿಸಿಕೊಂಡಿದ್ದೇನೆ. ಕೆಲವು ಕಡೆ ಗುಟ್ಟು ಬಿಟ್ಟುಕೊಡದೆ ಮಾತು ಮುಂದೆ ಹೋಗುವುದಿಲ್ಲ, ಆ ಚಿತ್ರಗಳನ್ನು ಇನ್ನೂ ನೋಡದವರು ಮನ್ನಿಸಬೇಕು.

ಚಾರ್ಲಿಯ ಕೋಣೆಯನ್ನು ಇನ್ನೊಮ್ಮೆ ನೋಡಿ. ಅಲ್ಲಿ ನಮ್ಮಿಂದ ಮುಚ್ಚಿಟ್ಟದ್ದು ಏನಾದರೂ ಇದೆಯೇ? ಹಣ ಕಾಣುತ್ತಿದೆ. ಹಣದ ಮೇಲಿನ ಅವನ ಉದಾಸೀನ ಕಾಣುತ್ತಿದೆ. ಅವನನ್ನು ಹುಡುಕಿಕೊಂಡು ಇಬ್ಬರು ಬಂದಿದ್ದಾರೆ ಎಂಬುದು ಗೊತ್ತಾಗಿದೆ. ಮನೆಯೊಡತಿಯೊಂದಿಗೆ ಅವನ ಮಾತು ಮೃದು. ಅವಳು ಹೋದ ಮೇಲೆ ಕೈಯಲ್ಲಿದ್ದ ಗಾಜಿನ ಲೋಟವನ್ನು ಎಸೆದು ಒಡೆಯುತ್ತಾನೆ, ಅದನ್ನೂ ನೋಡಿದ್ದೇವೆ. ಇದರಲ್ಲಿ ಒಂದೂ ಸುಳ್ಳಲ್ಲ. ಆದರೆ ಒಂದೊಂದಕ್ಕೂ ಎರಡೆರಡು ಕಾರಣ ಹೇಳಬಹುದು. ಹಣದ ಮೇಲೆ ಆಸೆ ಇಲ್ಲದವನು ವಿರಕ್ತನಿರಬಹುದು, ಹಣಕ್ಕಿಂತ ಭಾರವಾದದ್ದೇನನ್ನೋ ಹೊತ್ತವನೂ ಇರಬಹುದು. ಲೋಟ ಎಸೆದದ್ದು ಹತಾಶೆಯಿಂದಲೂ ಇರಬಹುದು, ಕ್ರೌರ್ಯದಿಂದಲೂ ಇರಬಹುದು. ನಡತೆ ಪೂರ್ತಿ ನಮ್ಮ ಕಣ್ಣ ಮುಂದಿದೆ, ಕಾರಣ ಮಾತ್ರ ಸಿಕ್ಕಿಲ್ಲ. ಜೊತೆಗೆ ಆ ಮನೆಯೊಡತಿ ಇದ್ದಾಳೆ. ಅವನನ್ನು ನಾವು ಮೊದಲು ನೋಡುವುದು ಅವಳ ಕನಿಕರದ ಮೂಲಕ. ಒಬ್ಬ ತಾಯಿಯಂಥ ಹೆಂಗಸು ಯಾರನ್ನು ಮಲಗಿ ನಿದ್ದೆ ಮಾಡು ಎನ್ನುತ್ತಾಳೋ ಅವನ ಬಗ್ಗೆ ನೋಡುವವರ ಮನಸ್ಸು ಅರ್ಧ ಕರಗಿಯೇ ಕರಗುತ್ತದೆ.

ಮುಂದೆ ನಡೆಯುವುದು ಇನ್ನೂ ಜಾಣತನದ್ದು. ಚಾರ್ಲಿ ಮನೆಯಿಂದ ಹೊರಗೆ ಬಂದು, ಬೀದಿಯಲ್ಲಿ ಕಾಯುತ್ತಿರುವ ಆ ಇಬ್ಬರ ಎದುರಿಗೇ ನೇರವಾಗಿ ನಡೆದು, ಅವರನ್ನು ಸವರಿಕೊಂಡೇ ಮುಂದೆ ಹೋಗುತ್ತಾನೆ. ಅವರು ಬೆನ್ನು ಹತ್ತುತ್ತಾರೆ. ಈಗ ಹಿಚ್‌ಕಾಕ್ ಕ್ಯಾಮೆರಾವನ್ನು ಬಹಳ ಎತ್ತರಕ್ಕೆ ಒಯ್ಯುತ್ತಾರೆ. ಕೆಳಗೆ ಆ ಇಬ್ಬರು ಇರುವೆಗಳ ಹಾಗೆ ಅತ್ತಿತ್ತ ಹುಡುಕುತ್ತಿದ್ದಾರೆ, ಅವನು ಕಾಣೆಯಾಗಿದ್ದಾನೆ. ಕ್ಯಾಮೆರಾ ಪಕ್ಕಕ್ಕೆ ತಿರುಗಿದರೆ ಚಾರ್ಲಿ ಅಲ್ಲೇ, ಆ ಎತ್ತರದಲ್ಲೇ, ಸಿಗಾರು ಸೇದುತ್ತ ಅವರನ್ನು ನೋಡುತ್ತಿದ್ದಾನೆ. ಇಷ್ಟು ಹೊತ್ತು ನಾವು ಅವನ ಪಕ್ಕದಲ್ಲೇ ನಿಂತು ಕೆಳಗೆ ನೋಡುತ್ತಿದ್ದೆವು ಎಂದು ಆಗ ತಿಳಿಯುತ್ತದೆ. ಆ ಇಬ್ಬರು ಯಾರು, ಪೊಲೀಸರೋ ಗೂಂಡಾಗಳೋ, ಯಾರೂ ಹೇಳಿಲ್ಲ. ಆದರೂ ಅವನು ತಪ್ಪಿಸಿಕೊಳ್ಳಲಿ ಎಂದು ನಾವು ಆಗಲೇ ಬಯಸಿಬಿಟ್ಟಿರುತ್ತೇವೆ. ಮನುಷ್ಯ ಯಾರೆಂದು ತಿಳಿಯುವ ಮೊದಲೇ ನಮ್ಮನ್ನು ಅವನ ಪಕ್ಷಕ್ಕೆ ಸೇರಿಸಿಕೊಂಡಾಯಿತು. ಥ್ರಿಲ್ಲರ್ ಆರಂಭದ ಮುಖ್ಯ ಕಸಬು ಇದೇ ಎಂದು ನನ್ನ ತಿಳಿವಳಿಕೆ. ಒಂದೇ ಮನುಷ್ಯನ ಬಗ್ಗೆ ಪರಸ್ಪರ ಹೊಂದದ ಎರಡು ನಿಜಗಳನ್ನು ಅದು ಒಟ್ಟಿಗೆ ಕೈಗಿಡುತ್ತದೆ, ನಾವು ತೂಗಿ ನೋಡುವಷ್ಟರಲ್ಲಿ ನಮ್ಮ ಮನಸ್ಸನ್ನು ಅವನ ಕಡೆಗೆ ವಾಲಿಸಿರುತ್ತದೆ.

ಅಷ್ಟಕ್ಕೇ ಹಿಚ್‌ಕಾಕ್ ನಿಲ್ಲಿಸಲಿಲ್ಲ. ಚಾರ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾ ಎಂಬ ಸಣ್ಣ ಊರಿನಲ್ಲಿರುವ ಅಕ್ಕನ ಮನೆಗೆ ತಂತಿ ಕಳಿಸುತ್ತಾನೆ. ದೃಶ್ಯ ಆ ಊರಿಗೆ ಹೋಗುತ್ತದೆ. ಬಿಸಿಲು, ಮರಗಳು, ಚೌಕದಲ್ಲಿ ನಗುಮುಖದ ಪೊಲೀಸು. ಒಂದು ಮನೆಯ ಕಿಟಕಿಯ ಬಳಿಗೆ ಕ್ಯಾಮೆರಾ ಏರಿ ಒಳಗೆ ನೋಡಿದರೆ ಹಾಸಿಗೆಯ ಮೇಲೆ ಒಬ್ಬ ಹುಡುಗಿ ಥೇಟು ಮಾವನ ಹಾಗೆಯೇ ಅಂಗಾತ ಮಲಗಿದ್ದಾಳೆ. ಅಲ್ಲಿ ಅವನು, ಇಲ್ಲಿ ಇವಳು, ಕನ್ನಡಿಯ ಎರಡು ಬದಿಯಂತೆ. ಇವಳ ಹೆಸರೂ ಚಾರ್ಲಿ. ಮಾವನ ಹೆಸರನ್ನೇ ಇವಳಿಗೆ ಇಟ್ಟಿದ್ದಾರೆ. ಮಾವ ಬಂದರೆ ಮನೆಗೆ ಕಳೆ ಬರುತ್ತದೆ ಎಂದುಕೊಂಡು ಅವನಿಗೆ ತಂತಿ ಕಳಿಸಲು ಹೋದರೆ, ಅವನ ತಂತಿಯೇ ಬಂದು ಕೂತಿರುತ್ತದೆ. ಇಷ್ಟು ಹೊತ್ತು ನಮ್ಮ ಪ್ರಶ್ನೆ ಈ ಮನುಷ್ಯ ಎಂಥವನು ಎಂಬುದಾಗಿತ್ತು. ಈಗ ಇನ್ನೊಂದು ಸೇರಿಕೊಳ್ಳುತ್ತದೆ: ಈ ಕಥೆ ಯಾರದು? ಈ ಮಾವನದೋ ಅವನನ್ನು ದೇವರಂತೆ ನಂಬಿದ ಹುಡುಗಿಯದೋ? ಹಿಚ್‌ಕಾಕ್ ಇಬ್ಬರನ್ನೂ ಒಂದೇ ಭಂಗಿಯಲ್ಲಿ ಮಲಗಿಸಿ, ಉತ್ತರ ಕೊಡದೆ ಮುಂದೆ ಹೋಗುತ್ತಾರೆ. ಮಾವ ಬಂದಿಳಿಯುವ ರೈಲು ನಿಲ್ದಾಣಕ್ಕೆ ಬರುವಾಗ ಉಗುಳುವ ದಟ್ಟ ಕರಿಹೊಗೆಯನ್ನು ಮಾತ್ರ ಅವರು ಬೇಕೆಂದೇ ಇಟ್ಟರು. ಊರಿಗೆ ಸೈತಾನ ಬರುತ್ತಿದ್ದಾನೆ ಎಂಬ ಭಾವನೆ ಅದರಿಂದ ಬರಬೇಕಿತ್ತು ಎಂದು ಮುಂದೆ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ಟ್ರೂಫೋ ಅವರಿಗೆ ಹೇಳಿದ್ದುಂಟು.

ನಮ್ಮಲ್ಲಿ ಪಾತ್ರಪ್ರವೇಶದ ಸಂಪ್ರದಾಯ ಇದಕ್ಕೆ ತೀರ ವಿರುದ್ಧವಾದದ್ದು. ಯಕ್ಷಗಾನದ ಒಡ್ಡೋಲಗವನ್ನು ನೆನೆದುಕೊಳ್ಳಿ. ತೆರೆ ಹಿಡಿದಿರುತ್ತಾರೆ, ಚೆಂಡೆಯ ಪೆಟ್ಟು ಏರುತ್ತದೆ, ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಕಾಣುತ್ತದೆ, ಮರೆಯಾಗುತ್ತದೆ. ತೆರೆ ಸರಿದ ಗಳಿಗೆಯಲ್ಲಿ ಮುಖದ ಬಣ್ಣ ನೋಡಿಯೇ ಇವನು ರಕ್ಕಸ ಎಂದು ಮುಂದೆ ಕೂತ ಮಗುವೂ ಹೇಳುತ್ತದೆ. ಅಲ್ಲಿಯ ರೋಮಾಂಚನ ಅವನು ಯಾರು ಎಂಬುದರಲ್ಲಿಲ್ಲ, ಹೇಗೆ ಬರುತ್ತಾನೆ ಎಂಬುದರಲ್ಲಿದೆ. ನಮ್ಮ ಸಿನಿಮಾದ ನಾಯಕನ ಎಂಟ್ರಿಯೂ ಇದೇ ವಂಶದ್ದು: ಮೊದಲು ಕಾಲು, ಆಮೇಲೆ ಕೈ, ಆಮೇಲೆ ಮುಖ, ಕೊನೆಗೆ ಹಾಡು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ಓದುಗರಿಗೂ ಪುರುಷೋತ್ತಮನ ಮೇಲೆ ಅನುಮಾನ ಬರಲಿಲ್ಲ. ಅನುಮಾನ ಸುತ್ತಲಿನವರ ಮೇಲೆ ಇತ್ತು. ಪತ್ತೇದಾರಿ ಕಥೆ ಕೇಳುವುದು ಈ ಕೆಲಸ ಮಾಡಿದವರು ಯಾರು ಎಂದು. ನಾನು ಇಂದು ಹೇಳುತ್ತಿರುವ ಚಿತ್ರಗಳು ಕೇಳುವುದು ನೀವು ಯಾರ ಜೊತೆ ಕೂತಿದ್ದೀರಿ ಗೊತ್ತೇ ಎಂದು.

ಹಾಗೆ ಕೇಳುವುದಕ್ಕೆ ಒಂದು ದೊಡ್ಡ ಅಡ್ಡಿಯೂ ಇದೆ, ತಾರೆಯ ಮುಖ. ಹಿಚ್‌ಕಾಕ್ ಈ ಅಡ್ಡಿಯನ್ನು ತುಂಬ ಮೊದಲೇ ಎದುರಿಸಿದರು. 1927ರ ಮೂಕಿ ಚಿತ್ರ ‘ದಿ ಲಾಡ್ಜರ್’. ಮಂಜು ಕವಿದ ಲಂಡನ್ನಿನಲ್ಲಿ ಹೊಂಬಣ್ಣದ ಕೂದಲಿನ ಹುಡುಗಿಯರ ಕೊಲೆಗಳು ಒಂದರ ಹಿಂದೊಂದು ನಡೆಯುತ್ತಿವೆ. ಒಂದು ಮನೆಯ ದೀಪ ಮಂಕಾಗುವ ಹೊತ್ತಿಗೆ ಸರಿಯಾಗಿ ಬಾಗಿಲು ತಟ್ಟಿದ ಸದ್ದು. ತೆರೆದರೆ ಅರ್ಧ ಮುಖಕ್ಕೆ ಮಫ್ಲರ್ ಸುತ್ತಿಕೊಂಡ ಯುವಕ, ಬಾಡಿಗೆಗೆ ಕೋಣೆ ಇದೆಯೇ ಎಂದು ಬಂದವನು. ಪ್ರವೇಶವೆಂದರೆ ಹೀಗಿರಬೇಕು. ಆದರೆ ಆ ಮಫ್ಲರಿನ ಹಿಂದೆ ಇದ್ದದ್ದು ಐವರ್ ನೊವೆಲ್ಲೊ, ಆ ಕಾಲದ ಹೆಂಗಳೆಯರ ಕಣ್ಮಣಿ. ಅವರು ಕೊಲೆಗಾರರಾಗುವ ಹಾಗಿರಲಿಲ್ಲ. ಅವನು ರಾತ್ರಿಯಲ್ಲಿ ಎಲ್ಲೋ ಹೊರಟುಹೋಗಬೇಕು, ಅವನೇ ಹೌದೋ ಅಲ್ಲವೋ ನಮಗೆ ಎಂದೂ ತಿಳಿಯಬಾರದು ಎಂಬುದು ತಮ್ಮ ಆಸೆಯಾಗಿತ್ತು ಎಂದು ಹಿಚ್‌ಕಾಕ್ ಹೇಳಿಕೊಂಡಿದ್ದಾರೆ. ಚಿತ್ರದಲ್ಲಿ ಅವನು ನಿರಪರಾಧಿಯಾಗಲೇಬೇಕಾಯಿತು.

ಹದಿನಾಲ್ಕು ವರ್ಷ ಕಳೆದು, 1941ರ ‘ಸಸ್ಪಿಷನ್’ನಲ್ಲಿ ಮತ್ತೆ ಅದೇ ಕಥೆ. ಆ ಚಿತ್ರದ ಆರಂಭವನ್ನು ಬಾನುಲಿಯವರಾದ ನಾವು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಅದು ಕತ್ತಲೆಯಲ್ಲಿ ಒಂದು ದನಿಯಿಂದ ಶುರುವಾಗುತ್ತದೆ. ಪರದೆ ಕಪ್ಪಾಗಿದೆ. ಒಬ್ಬ ಗಂಡಸು ಯಾರದೋ ಕಾಲಿಗೆ ತಾಗಿದ್ದಕ್ಕೆ ಕ್ಷಮೆ ಕೇಳುತ್ತಿದ್ದಾನೆ. ರೈಲು ಸುರಂಗದಿಂದ ಹೊರಗೆ ಬಂದಾಗ ಬೆಳಕಾಗುತ್ತದೆ. ಮೊದಲ ದರ್ಜೆಯ ಡಬ್ಬಿ. ಎದುರಿಗೆ ಕನ್ನಡಕ ಹಾಕಿಕೊಂಡು ಪುಸ್ತಕ ಓದುತ್ತಿರುವ ಗಂಭೀರ ಹೆಣ್ಣು, ಜೋನ್ ಫಾಂಟೇನ್. ಈಚೆ ಕೇರಿ ಗ್ರಾಂಟ್, ಮಾತಿನ ಮಲ್ಲ. ಟಿಕೆಟ್ ನೋಡುವವನು ಬಂದಾಗ ಗ್ರಾಂಟ್ ಕೈಯಲ್ಲಿರುವುದು ಮೂರನೆಯ ದರ್ಜೆಯ ಟಿಕೆಟು ಎಂದು ಗೊತ್ತಾಗುತ್ತದೆ. ಕಡಿಮೆ ಬಿದ್ದ ಹಣಕ್ಕಾಗಿ ಎದುರಿನ ಅಪರಿಚಿತೆಯ ಚೀಲದಿಂದ ಒಂದು ಅಂಚೆಚೀಟಿ ಇಸಕೊಂಡು ಅದನ್ನೇ ಟಿಕೆಟ್ಟಿನವನಿಗೆ ಕೊಡುತ್ತಾನೆ! ಎರಡೇ ನಿಮಿಷ. ಮೋಡಿಯೂ ಇದೆ, ಮೋಸವೂ ಇದೆ, ಎರಡೂ ಒಂದೇ ನಗುವಿನಲ್ಲಿ. ಅಂಚೆಚೀಟಿ ಇಸಕೊಳ್ಳುವವನು ಮುಂದೆ ಏನೇನು ಇಸಕೊಳ್ಳಬಹುದು ಎಂಬ ಭಯದ ಮೇಲೆ ಇಡೀ ಚಿತ್ರ ನಿಂತಿದೆ. ಕೊನೆ ಮಾತ್ರ ಸಪ್ಪೆಯಾಯಿತು. ಗ್ರಾಂಟ್ ಅವರಂಥ ತಾರೆ ಹೆಂಡತಿಯನ್ನು ಕೊಲ್ಲುವವನಾಗುವುದು ಸ್ಟುಡಿಯೋಗೆ ಒಪ್ಪಿಗೆಯಾಗಲಿಲ್ಲ. ಆ ಆರಂಭಕ್ಕೆ ಆ ಕೊನೆ ತಕ್ಕದ್ದಲ್ಲ ಎಂದು ಚಿತ್ರ ನೋಡಿದಾಗಲೆಲ್ಲ ನನಗೆ ನೋವಾಗುತ್ತದೆ.

ಈ ತೊಡಕು ಕನ್ನಡದ ನಿರ್ದೇಶಕರಿಗೂ ಚೆನ್ನಾಗಿ ಗೊತ್ತು. ಸುನಿಲ್ ಕುಮಾರ್ ದೇಸಾಯಿಯವರು 1989ರಲ್ಲಿ ಶಂಕರ್‌ನಾಗ್ ಅವರನ್ನು ಇಟ್ಟುಕೊಂಡು ‘ತರ್ಕ’ ಮಾಡಿದಾಗ ಹಾಡುಗಳನ್ನು ಕೈಬಿಟ್ಟರು. ಹಾಡಿಲ್ಲದ ಕನ್ನಡ ಚಿತ್ರ ಎಂಬ ಸುದ್ದಿಯೇ ಆಗ ದೊಡ್ಡದಾಯಿತು. ನಾನು ಅದರಲ್ಲಿ ಕಾಣುವ ಲಾಭ ಬೇರೆ. ನಾಯಕ ಬಂದ ಎಂದು ಪ್ರೇಕ್ಷಕರಿಗೆ ಸಾರುವ ಡಂಗುರ ನಮ್ಮಲ್ಲಿ ಹಾಡು. ಇವನನ್ನು ನಂಬಿ, ಇವನ ಜೊತೆ ಇರಿ ಎಂದು ಅದು ಹೇಳುತ್ತದೆ. ಡಂಗುರ ನಿಂತ ಮೇಲೆ ನಾವು ಮುಖ ನೋಡಬೇಕು, ಮೌನ ಕೇಳಬೇಕು. ‘ಆಟೋ ರಾಜ’ನಾಗಿ ಮನೆಮಾತಾಗಿದ್ದ ಮುಖವನ್ನೇ ಹೊಸದಾಗಿ ಅಳೆಯಬೇಕಾಗುತ್ತದೆ.

ತಾರೆಯ ಅಡ್ಡಿಯನ್ನು ಹಿಚ್‌ಕಾಕ್ ಕೊನೆಗೂ ಮುರಿದದ್ದು 1960ರ ‘ಸೈಕೋ’ದಲ್ಲಿ. ಆ ಚಿತ್ರದ ಸ್ನಾನದ ಮನೆಯ ದೃಶ್ಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಮಟ್ಟಿಗೆ ಅದರ ನಿಜವಾದ ಸಾಹಸ ಇರುವುದು ಆರಂಭವನ್ನು ಆರಿಸಿಕೊಂಡದ್ದರಲ್ಲಿ. ರಾಬರ್ಟ್ ಬ್ಲಾಕ್ 1959ರಲ್ಲಿ ಬರೆದ ಮೂಲ ಕಾದಂಬರಿ ನಾರ್ಮನ್ ಬೇಟ್ಸ್‌ನಿಂದ ಶುರುವಾಗುತ್ತದೆ. ನಡುವಯಸ್ಸಿನ, ದಪ್ಪ ಮೈಯ ಮನುಷ್ಯ, ತಾಯಿಯೊಡನೆ ಜಗಳ. ಇವನ ಮೇಲೆ ಕಣ್ಣಿಡಬೇಕು ಎಂದು ಓದುಗನಿಗೆ ಮೊದಲ ಅಧ್ಯಾಯದಲ್ಲೇ ಗೊತ್ತಾಗುತ್ತದೆ. ಚಿತ್ರಕಥೆ ಬರೆದ ಜೋಸೆಫ್ ಸ್ಟೆಫಾನೋ ಆ ಆರಂಭವನ್ನು ತೆಗೆದುಹಾಕಿ, ಹಣ ಕದಿಯುವ ಹುಡುಗಿಯಿಂದ ಕಥೆ ಹೇಳಲು ಹೊರಟರು. ಹಿಚ್‌ಕಾಕ್ ಆ ಪಾತ್ರಕ್ಕೆ ಹೆಸರಾಂತ ತಾರೆ ಜಾನೆಟ್ ಲೀ ಅವರನ್ನು ತಂದರು.

ಚಿತ್ರ ತೆರೆಯುವಾಗ ಪರದೆಯ ಮೇಲೆ ಅಕ್ಷರಗಳು ಮೂಡುತ್ತವೆ: ಅರಿಜೋನಾದ ಫೀನಿಕ್ಸ್ ನಗರ, ಡಿಸೆಂಬರ್ 11, ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತಮೂರು ನಿಮಿಷ. ಪೊಲೀಸ್ ವರದಿಯ ಖಚಿತತೆ. ಆದರೆ ಕ್ಯಾಮೆರಾದ ನಡಿಗೆಯಲ್ಲಿ ಖಚಿತತೆಯೇ ಇಲ್ಲ. ಊರಿನ ಮೇಲೆ ಹಾಯ್ದು, ಈ ಕಟ್ಟಡವೋ ಆ ಕಟ್ಟಡವೋ ಎಂಬಂತೆ ಅಲೆದು, ನೂರು ಕಿಟಕಿಗಳಲ್ಲಿ ಒಂದನ್ನು ಹಿಡಿದು, ಅರ್ಧ ಇಳಿಸಿದ ಪರದೆಯ ಕೆಳಗಿನ ಸಂದಿನಿಂದ ಒಳಗೆ ನುಸುಳುತ್ತದೆ. ಒಳಗೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕದ್ದು ಸೇರಿದ ಪ್ರೇಮಿಗಳು, ಮೇರಿಯನ್ ಮತ್ತು ಸ್ಯಾಮ್. ನಾವು ಚಿತ್ರದೊಳಕ್ಕೆ ಹೋದದ್ದೇ ಕದ್ದು ನೋಡುವವರಾಗಿ. ಮೇರಿಯನ್ ಕಚೇರಿಗೆ ಮರಳುತ್ತಾಳೆ. ಬ್ಯಾಂಕಿಗೆ ಕಟ್ಟಬೇಕಾದ 40,000 ಡಾಲರನ್ನು ಬ್ಯಾಂಕಿಗೆ ಒಯ್ಯದೆ ಮನೆಗೆ ತರುತ್ತಾಳೆ. ಅಲ್ಲಿಯ ದೃಶ್ಯದಲ್ಲಿ ಒಂದೇ ಒಂದು ಮಾತಿಲ್ಲ. ಹಾಸಿಗೆಯ ಮೇಲೆ ಹಣದ ಲಕೋಟೆ, ಪಕ್ಕದಲ್ಲಿ ತುಂಬುತ್ತಿರುವ ಪೆಟ್ಟಿಗೆ. ಅವಳು ಬಟ್ಟೆ ಬದಲಿಸುತ್ತಾಳೆ. ಮೊದಲ ದೃಶ್ಯದಲ್ಲಿ ತೊಟ್ಟ ಒಳಉಡುಪು ಬಿಳಿ, ಈಗ ಕಪ್ಪು. ಕ್ಯಾಮೆರಾ ಲಕೋಟೆ ನೋಡುತ್ತದೆ, ಪೆಟ್ಟಿಗೆ ನೋಡುತ್ತದೆ, ಅವಳು ನೋಡುವುದನ್ನು ನೋಡುತ್ತದೆ. ಅವಳು ಕಳ್ಳಿಯಾಗಲು ತೀರ್ಮಾನಿಸಿದ ಗಳಿಗೆ ಯಾವುದು ಎಂದು ಹೇಳಿ ನೋಡೋಣ. ಹೇಳಲಾಗುವುದಿಲ್ಲ. ಕಳ್ಳತನ ನಡೆದಿದೆ, ತೀರ್ಮಾನದ ಗಳಿಗೆ ಮಾತ್ರ ಎಲ್ಲೂ ಇಲ್ಲ.

ಊರು ಬಿಟ್ಟು ಹೊರಟಾಗ ಸಿಗ್ನಲ್ಲಿನಲ್ಲಿ ಕಾರು ನಿಲ್ಲುತ್ತದೆ. ಎದುರಿಗೆ ರಸ್ತೆ ದಾಟುತ್ತಿರುವವರು ಅವಳ ಯಜಮಾನರೇ. ನೋಡಿ, ಅಭ್ಯಾಸಬಲದಿಂದ ತಲೆಯಾಡಿಸಿ ನಗುತ್ತಾರೆ, ನಾಲ್ಕು ಹೆಜ್ಜೆ ಹೋಗಿ ನಿಂತು ಹುಬ್ಬು ಗಂಟಿಕ್ಕುತ್ತಾರೆ. ತಲೆನೋವೆಂದು ಮನೆಗೆ ಹೋದವಳು ಇಲ್ಲೇಕೆ? ಆ ಗಳಿಗೆಯಲ್ಲಿ ನಮ್ಮ ಎದೆ ಹೊಡೆದುಕೊಳ್ಳುವುದು ಹಣ ಕಳೆದುಕೊಂಡವರಿಗಾಗಿ ಅಲ್ಲ, ಅವಳಿಗಾಗಿ. ಮುಂದೆ ಕಪ್ಪು ಕನ್ನಡಕದ ಹೆದ್ದಾರಿ ಪೊಲೀಸನು ಕಾರಿನ ಕಿಟಕಿಗೆ ಬಾಗಿದಾಗಲೂ ನಾವು ಉಸಿರು ಬಿಗಿಹಿಡಿಯುತ್ತೇವೆ. ಅವನು ಅವಳಿಗೆ ಸಹಾಯ ಮಾಡಲೆಂದೇ ನಿಂತವನು. ಮೇರಿಯನ್ ಕಳ್ಳಿಯೇ, ನೊಂದ ಹೆಣ್ಣೇ? ಎರಡೂ ಹೌದು. ಈ ಗೊಂದಲವನ್ನೇ ಚಿತ್ರ ಬಿಡಿಸುತ್ತ ಹೋಗುತ್ತದೆ ಎಂದು ನಾವು ನಂಬಿ ಕೂತಿರುವಾಗ, ಅರ್ಧ ದಾರಿಗೂ ಮೊದಲೇ ಅವಳ ಕೊಲೆಯಾಗುತ್ತದೆ. ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಎಂದು ಹಿಚ್‌ಕಾಕ್ ಟಾಕೀಸುಗಳಿಗೆ ಕಟ್ಟಪ್ಪಣೆ ಮಾಡಿಸಿದ್ದು ಇದಕ್ಕಾಗಿ. ತಡವಾಗಿ ಬಂದವರು ಜಾನೆಟ್ ಲೀ ಎಲ್ಲಿ ಎಂದು ಹುಡುಕುತ್ತ ಕೂರಬೇಕಾಗುತ್ತಿತ್ತು. ಆರಂಭದ ಅಷ್ಟೂ ಅನುಮಾನ ತಪ್ಪು ಮನುಷ್ಯರ ಮೇಲೆ ಖರ್ಚಾಗಿತ್ತು. ನಾರ್ಮನ್ ಬಂದಾಗ ಕೈ ಬರಿದಾಗಿತ್ತು. ಸಂಕೋಚದಿಂದ ತೊದಲುವ, ತೆಳ್ಳಗಿನ ಆ ಹುಡುಗ ಅವಳ ಕಾರನ್ನು ಜೌಗಿನಲ್ಲಿ ಮುಳುಗಿಸುವಾಗ ಅದು ಅರೆಗಳಿಗೆ ಮುಳುಗದೆ ನಿಲ್ಲುತ್ತದೆ. ಅಯ್ಯೋ, ಮುಳುಗಲಿ ಎಂದು ನಮಗೂ ಅನ್ನಿಸುತ್ತದೆ. ಈ ಪಾಠವನ್ನು ನಮಗೆ ಕಲಿಸಿದ್ದು ಮೊದಲ ಅರ್ಧ ಗಂಟೆ. ನಾರ್ಮನ್‌ನ ಗುಟ್ಟನ್ನು ಇಲ್ಲಿ ಹೇಳುವುದಿಲ್ಲ.

ಇನ್ನೊಂದು ಆರಂಭವನ್ನು ಎರಡು ಮಾತಿನಲ್ಲಿ ನೆನೆದು ಮುಂದೆ ಹೋಗುತ್ತೇನೆ. 1958ರ ‘ವರ್ಟಿಗೋ’ದಲ್ಲಿ ಪತ್ತೇದಾರ ಸ್ಕಾಟಿ ಕಟ್ಟಡವೊಂದರ ತುದಿಯ ಸಡಿಲ ತಗಡನ್ನು ಹಿಡಿದು ನೇತಾಡುತ್ತಿದ್ದಾನೆ. ಅವನನ್ನು ಎತ್ತಲು ಬಂದ ಪೊಲೀಸನು ಜಾರಿ ಕೆಳಗೆ ಬಿದ್ದು ಸಾಯುತ್ತಾನೆ. ಮುಂದಿನ ದೃಶ್ಯದಲ್ಲಿ ಸ್ಕಾಟಿ ಗೆಳತಿಯ ಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಾನೆ. ಅವನನ್ನು ಇಳಿಸಿದವರು ಯಾರು, ಹೇಗೆ? ಚಿತ್ರ ಮುಗಿದರೂ ಹೇಳುವುದಿಲ್ಲ. ಆದ್ದರಿಂದ ಮುಂದಿನ ಎರಡು ಗಂಟೆ ಅವನು ಎಲ್ಲಿ ನಡೆದರೂ ನಮ್ಮ ಪಾಲಿಗೆ ಇನ್ನೂ ನೇತಾಡುತ್ತಲೇ ಇರುತ್ತಾನೆ.

ಈಗ ಕಿವಿಯ ವಿಷಯಕ್ಕೆ ಬರೋಣ. ಬಾನುಲಿಯಲ್ಲಿ ಕೂತು ಸಿನಿಮಾ ಕುರಿತು ಮಾತಾಡುವವನು ಇದನ್ನು ಹೇಳದೆ ಹೋಗಲಾರ. ಪಾತ್ರವೊಂದನ್ನು ಸಂದಿಗ್ಧವಾಗಿಡಲು ಬೆಳಕಿಗಿಂತ ಸದ್ದು ಹೆಚ್ಚು ಸಮರ್ಥ. ಜರ್ಮನಿಯ ಫ್ರಿಟ್ಜ್ ಲಾಂಗ್ 1931ರಲ್ಲಿ ‘ಎಂ’ ಚಿತ್ರ ತೆಗೆದಾಗ ಟಾಕಿ ಇನ್ನೂ ಎಳೆಯದು. ಅವರ ಮೊದಲ ಟಾಕಿ ಅದೇ. ಬರ್ಲಿನ್ನಿನ ವಠಾರದ ಅಂಗಳದಲ್ಲಿ ಮಕ್ಕಳು ವೃತ್ತವಾಗಿ ನಿಂತು, ಕೊಲೆಗಾರ ಬರುತ್ತಾನೆ ಎಂಬ ಅರ್ಥದ ಪದ ಹೇಳಿಕೊಂಡು ಒಬ್ಬೊಬ್ಬರನ್ನೇ ಆಟದಿಂದ ಹೊರಗೆ ಹಾಕುತ್ತಿದ್ದಾರೆ. ಎಲ್ಸಿ ಎಂಬ ಪುಟ್ಟ ಹುಡುಗಿ ಶಾಲೆಯಿಂದ ಬರುತ್ತ, ಹಿಡಿದುಕೊಟ್ಟವರಿಗೆ ಬಹುಮಾನ ಎಂಬ ಭಿತ್ತಿಪತ್ರಕ್ಕೇ ಚೆಂಡು ಪುಟಿಸುತ್ತಾಳೆ. ಆ ಭಿತ್ತಿಪತ್ರದ ಮೇಲೆ ಒಬ್ಬ ಗಂಡಸಿನ ನೆರಳು ಬೀಳುತ್ತದೆ. ಚೆಂಡು ಎಷ್ಟು ಚೆನ್ನಾಗಿದೆ, ನಿನ್ನ ಹೆಸರೇನು ಮರಿ ಎಂದು ಕೇಳುವ ಮೆತ್ತಗಿನ ದನಿ. ಆಮೇಲೆ ಬಲೂನು ಕೊಳ್ಳುವಾಗ ಒಂದು ಸಿಳ್ಳೆ, ಗ್ರೀಗ್ ಎಂಬ ನಾರ್ವೆಯ ಸಂಗೀತಗಾರನ ರಾಗ. ಮನೆಯಲ್ಲಿ ತಾಯಿ ಊಟದ ತಟ್ಟೆ ಇಟ್ಟು ಕಾಯುತ್ತಾಳೆ, ಮೆಟ್ಟಿಲ ಸುತ್ತಿನ ಕೆಳಗೆ ಹೆಸರು ಹಿಡಿದು ಕೂಗುತ್ತಾಳೆ, ಉತ್ತರವಿಲ್ಲ. ಕೊಲೆಗಾರನ ಮುಖ ನಮಗೆ ಸಿಕ್ಕಿಲ್ಲ. ನೆರಳು, ಪ್ರೀತಿಯ ದನಿ, ಸಿಳ್ಳೆ ಇಷ್ಟೇ ಸಿಕ್ಕಿದ್ದು. ಮುಂದೆ ಅವನನ್ನು ಗುರುತು ಹಿಡಿಯುವವನು ಕಣ್ಣಿಲ್ಲದ ಬಲೂನು ಮಾರುವವನು, ಆ ಸಿಳ್ಳೆಯಿಂದ. ಪೀಟರ್ ಲೋರೆಯ ದುಂಡು ಮುಖ, ಗಾಬರಿಯ ಕಣ್ಣು ಪೂರ್ತಿ ಕಂಡಾಗ ನಮಗೆ ಬೇಕಾದ ರಾಕ್ಷಸ ಅಲ್ಲಿ ಸಿಗುವುದಿಲ್ಲ. ಕೊನೆಯಲ್ಲಿ ಅವನು ತನ್ನ ಒಳಗಿನ ಬೇಗೆಯನ್ನು ಕೂಗಿ ಹೇಳುವಾಗ ಅವನನ್ನು ಕೇಳದೆ ಇರಲಾಗುವುದಿಲ್ಲ. ಆ ಮೆತ್ತಗಿನ ದನಿಯನ್ನು ಮೊದಲೇ ಕೇಳಿದ್ದೆವಲ್ಲ.

ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರ ‘ದಿ ಕಾನ್ವರ್ಸೇಷನ್’ 1974ರದು. ಆ ವರ್ಷ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಚಿತ್ರ. ನಾನು ನೋಡಿದ ಥ್ರಿಲ್ಲರ್ ಆರಂಭಗಳಲ್ಲಿ ಇದಕ್ಕಿಂತ ಶ್ರೇಷ್ಠವಾದದ್ದು ಇನ್ನೊಂದಿಲ್ಲ. ಸಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರ್ ಎಂಬ ಚೌಕ, ಮಧ್ಯಾಹ್ನದ ಜನಸಂದಣಿ. ಕ್ಯಾಮೆರಾ ಬಹಳ ಮೇಲಿನಿಂದ, ನಿಧಾನವಾಗಿ, ಕೆಲವು ನಿಮಿಷ ಒಂದೇ ಸಮನೆ ಹತ್ತಿರಕ್ಕೆ ಸರಿಯುತ್ತದೆ. ಯಾರನ್ನು ನೋಡಬೇಕು ಎಂಬ ಸೂಚನೆಯೇ ಇಲ್ಲ. ಮುಖಕ್ಕೆ ಬಿಳಿ ಬಳಿದುಕೊಂಡ ಮೂಕಾಭಿನಯದ ಕಲಾವಿದನೊಬ್ಬ ಹೋಗಿಬರುವವರನ್ನು ಅಣಕಿಸುತ್ತ ತಿರುಗುತ್ತಿದ್ದಾನೆ. ಮಳೆಯಂಗಿ ತೊಟ್ಟು, ಕೈಯಲ್ಲಿ ಕಾಫಿ ಲೋಟ ಹಿಡಿದ ಒಬ್ಬ ಸಾಧಾರಣ ಮನುಷ್ಯನ ಬೆನ್ನು ಬೀಳುತ್ತಾನೆ. ಆ ಮನುಷ್ಯ ಮುಜುಗರದಿಂದ ತಪ್ಪಿಸಿಕೊಂಡು ನಡೆಯುತ್ತಾನೆ. ಈ ನಡುವೆ ಸದ್ದು ವಿಚಿತ್ರವಾಗಿ ಒಡೆಯುತ್ತದೆ. ಜನರ ಮಾತು, ಬ್ಯಾಂಡಿನ ಸಂಗೀತದ ಮಧ್ಯೆ ಲೋಹ ತಿಕ್ಕಿದಂಥ, ನೀರಿನಲ್ಲಿ ಗುಳುಗುಳಿಸಿದಂಥ ಕಿರುಚು. ಟೇಪು ಕೆಟ್ಟಿದೆಯೇ, ಟಾಕೀಸಿನ ಯಂತ್ರ ಕೆಟ್ಟಿದೆಯೇ? ಮಾಳಿಗೆಯ ಮೇಲೆ ಒಬ್ಬನು ದೂರದರ್ಶಕ ಜೋಡಿಸಿದ ಉದ್ದ ನಳಿಗೆಯನ್ನು ಗುರಿಯಿಟ್ಟು ಕೂತಿದ್ದಾನೆ. ಗುರಿಯ ಗೆರೆಗಳ ನಡುವೆ ಒಬ್ಬ ಯುವತಿಯ ಮುಖ. ಬಂದೂಕು ಎಂದುಕೊಂಡೆವು. ಅದು ಮೈಕ್ರೊಫೋನು.

ಆ ಮಳೆಯಂಗಿಯವನೇ ನಾಯಕ, ಹ್ಯಾರಿ ಕಾಲ್. ನಟ ಜೀನ್ ಹ್ಯಾಕ್‌ಮನ್. ಪರರ ಮಾತು ಕದ್ದು ಕೇಳುವುದು ಅವನ ಉದ್ಯೋಗ, ಅದರಲ್ಲಿ ಅವನನ್ನು ಮೀರಿಸುವವರಿಲ್ಲ. ಚೌಕದಲ್ಲಿ ಸುತ್ತು ಹಾಕುತ್ತಿದ್ದ ಆ ಯುವತಿಯ ಮತ್ತು ಅವಳ ಗೆಳೆಯನ ಮಾತನ್ನು ಮೂರು ಕಡೆಯಿಂದ ಧ್ವನಿಮುದ್ರಿಸಿಕೊಂಡಿದ್ದಾನೆ. ಆದರೆ ನಾವು ಅವನನ್ನು ಮೊದಲು ನೋಡಿದ್ದು ಬೇರೊಬ್ಬನು ಹಿಂಬಾಲಿಸಿ ಅಣಕಿಸುತ್ತಿದ್ದ ಬಡಪಾಯಿಯಾಗಿ. ಮನೆಗೆ ಬರುತ್ತಾನೆ. ಬಾಗಿಲಿಗೆ ಬೀಗದ ಮೇಲೆ ಬೀಗ. ಒಳಗೆ ಹೋದರೆ ಅವನ ಹುಟ್ಟುಹಬ್ಬಕ್ಕೆಂದು ಮನೆಯ ಒಡತಿ ಉಡುಗೊರೆಯ ಬಾಟಲಿ ಇಟ್ಟು ಹೋಗಿದ್ದಾಳೆ. ಅವನಿಗೆ ಸಂತೋಷವಿಲ್ಲ, ಭಯ. ನಿಮ್ಮ ಹತ್ತಿರ ನನ್ನ ಮನೆಯ ಬೀಗದ ಕೈ ಹೇಗೆ ಬಂತು ಎಂದು ಫೋನು ಮಾಡಿ ಕೇಳುತ್ತಾನೆ. ಆಮೇಲೆ ಒಬ್ಬನೇ ಕೂತು, ಗ್ರಾಮಫೋನ್ ತಟ್ಟೆಯಲ್ಲಿ ಓಡುವ ಜಾಜ್ ಸಂಗೀತದ ಜೊತೆ ಸ್ಯಾಕ್ಸೋಫೋನು ನುಡಿಸುತ್ತಾನೆ. ತಟ್ಟೆಯೊಳಗಿನ ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಊರಿನವರ ಗುಟ್ಟೆಲ್ಲ ಬಲ್ಲವನು, ತನ್ನ ಹುಟ್ಟಿದ ದಿನವನ್ನು ಮತ್ತೊಬ್ಬರು ಬಲ್ಲರೆಂದು ನಡುಗುತ್ತಾನೆ. ಇವನನ್ನು ಕಂಡು ಮರುಕಪಡಬೇಕೋ ಅಸಹ್ಯಪಡಬೇಕೋ? ಕೊಪ್ಪೊಲಾ ಯಾವುದನ್ನೂ ನಮ್ಮ ಬಾಯಿಗೆ ತುರುಕುವುದಿಲ್ಲ.

ಇಲ್ಲಿಗೆ ಒಂದು ಕಷ್ಟದ ಪ್ರಶ್ನೆ ಬರುತ್ತದೆ, ಪ್ರಾಮಾಣಿಕತೆಯದು. ಪಾತ್ರದ ಬಗ್ಗೆ ಅನುಮಾನ ಹುಟ್ಟಿಸಲು ಚಿತ್ರ ಸುಳ್ಳು ಹೇಳಬಹುದೇ? 1950ರ ‘ಸ್ಟೇಜ್ ಫ್ರೈಟ್’ನಲ್ಲಿ ಹಿಚ್‌ಕಾಕ್ ಹೇಳಿ ನೋಡಿದರು. ನಾಟಕಶಾಲೆಯ ಪರದೆ ಮೇಲೇರಿದಾಗ ಹಿಂದೆ ನಿಜವಾದ ಲಂಡನ್ ಕಾಣುತ್ತದೆ, ಬಹಳ ಸೊಗಸಾದ ಮೊದಲ ಶಾಟ್. ಓಡುವ ಕಾರಿನಲ್ಲಿ ಯುವಕನೊಬ್ಬ ತನ್ನ ಗೆಳತಿಗೆ ಹೇಳುತ್ತಾನೆ: ನಟಿಯೊಬ್ಬಳು ರಕ್ತದ ಕಲೆಯ ಉಡುಪಿನಲ್ಲಿ ನನ್ನ ಬಳಿ ಬಂದಳು, ಗಂಡನನ್ನು ಕೊಂದಿದ್ದಾಳೆ, ಸಹಾಯ ಮಾಡಲು ಹೋಗಿ ಸಿಕ್ಕಿಬಿದ್ದೆ. ಅವನು ಹೇಳಿದ್ದೆಲ್ಲ ಪರದೆಯ ಮೇಲೆ ಫ್ಲ್ಯಾಶ್‌ಬ್ಯಾಕಾಗಿ ನಡೆಯುತ್ತದೆ. ನೋಡಿದ ಮೇಲೆ ನಂಬದೆ ಇರುವುದು ಹೇಗೆ? ಚಿತ್ರ ಮುಗಿಯುವಾಗ ಅದು ಶುದ್ಧ ಸುಳ್ಳು, ಕೊಲೆಗಾರ ಅವನೇ ಎಂದು ಗೊತ್ತಾಗುತ್ತದೆ. ಪ್ರೇಕ್ಷಕರು ಸಿಟ್ಟಾದರು. ಆ ಸುಳ್ಳು ಫ್ಲ್ಯಾಶ್‌ಬ್ಯಾಕನ್ನು ಮಾಡಬಾರದಿತ್ತು ಎಂದು ಹಿಚ್‌ಕಾಕ್ ಟ್ರೂಫೋ ಅವರೆದುರು ಒಪ್ಪಿಕೊಂಡರು. ಪಾತ್ರಗಳು ಬಾಯಲ್ಲಿ ಸುಳ್ಳು ಹೇಳಿದರೆ ನಾವು ಸಹಿಸುತ್ತೇವೆ, ಕ್ಯಾಮೆರಾ ಹೇಳಿದರೆ ಸಹಿಸುವುದಿಲ್ಲ ಎಂಬುದು ಅಂದಿನಿಂದ ಒಂದು ನಿಯಮದಂತೆ ನಡೆದುಬಂದಿದೆ.

ನಾನು ಆ ನಿಯಮವನ್ನು ಪೂರ್ತಿ ಒಪ್ಪುವುದಿಲ್ಲ. ‘ದಿ ಕಾನ್ವರ್ಸೇಷನ್’ನಲ್ಲೂ ಒಂದು ಸುಳ್ಳಿದೆ. ಚೌಕದಲ್ಲಿ ಆ ಪ್ರೇಮಿಗಳು ಆಡಿದ ಒಂದು ವಾಕ್ಯ ಬ್ಯಾಂಡಿನ ಗದ್ದಲದಲ್ಲಿ ಮುಳುಗಿರುತ್ತದೆ. ಹ್ಯಾರಿ ತನ್ನ ಕಾರ್ಯಾಗಾರದಲ್ಲಿ ಕೂತು, ಟೇಪು ಮತ್ತೆ ಮತ್ತೆ ಓಡಿಸಿ, ಆ ವಾಕ್ಯವನ್ನು ಮೇಲೆತ್ತುತ್ತಾನೆ. ಅವಕಾಶ ಸಿಕ್ಕರೆ ಅವನು ನಮ್ಮನ್ನು ಕೊಂದುಬಿಡುತ್ತಾನೆ, ಎನ್ನುತ್ತಿದ್ದಾನೆ ಗೆಳೆಯ. ಒತ್ತು ಕೊಲ್ಲುವುದರ ಮೇಲಿದೆ. ಇವರು ಸಾಯಲಿರುವ ಅಮಾಯಕರು ಎಂದು ಹ್ಯಾರಿ ತಿಳಿಯುತ್ತಾನೆ, ನಾವೂ ತಿಳಿಯುತ್ತೇವೆ. ಚಿತ್ರದ ಕೊನೆಯ ಹೊತ್ತಿಗೆ ಅದೇ ವಾಕ್ಯ ಮತ್ತೆ ಕೇಳುತ್ತದೆ. ಈಗ ಒತ್ತು ‘ನಮ್ಮನ್ನು’ ಎಂಬುದರ ಮೇಲೆ ಬಿದ್ದಿದೆ. ಅವನು ನಮ್ಮನ್ನು ಕೊಲ್ಲುವವನೇ, ಹಾಗಾಗಿ ನಾವು ಅವನನ್ನು ಕೊಂದರೆ ತಪ್ಪೇನು ಎಂಬ ಅರ್ಥ ಹೊರಡುತ್ತದೆ. ಇದು ಒಂದೇ ಧ್ವನಿಮುದ್ರಣವನ್ನು ಎರಡು ಸಲ ಕೇಳಿಸಿದ್ದಲ್ಲ. ನಟ ಬೇರೆ ಒತ್ತಿನಲ್ಲಿ ಹೇಳಿದ್ದ ಇನ್ನೊಂದು ಟೇಕನ್ನು, ಚಿತ್ರದ ಧ್ವನಿ ಮತ್ತು ಸಂಕಲನ ನೋಡಿಕೊಂಡ ವಾಲ್ಟರ್ ಮರ್ಚ್ ತಂದು ಕೊನೆಯಲ್ಲಿ ಕೂರಿಸಿದರು. ಲೆಕ್ಕಕ್ಕೆ ಹಿಡಿದರೆ ಇದೂ ಮೋಸವೇ. ಟೇಪು ತಾನಾಗಿ ಬದಲಾಗುವುದಿಲ್ಲ.

ಆದರೂ ‘ಸ್ಟೇಜ್ ಫ್ರೈಟ್’ ಮೇಲೆ ಬರುವ ಸಿಟ್ಟು ಇದರ ಮೇಲೆ ಬರುವುದಿಲ್ಲ. ಕಾರಣ ಆ ಚೌಕದ ಮೊದಲ ನಿಮಿಷಗಳಲ್ಲಿದೆ. ನೀವು ಕೇಳುತ್ತಿರುವುದು ಲೋಕದ ಸದ್ದಲ್ಲ, ಯಾರದೋ ಯಂತ್ರ ಹಿಡಿದ ಸದ್ದು, ಅದು ಒಡೆಯುತ್ತದೆ, ತಪ್ಪುತ್ತದೆ ಎಂದು ಆ ಲೋಹದ ಕಿರುಚು ಅಲ್ಲೇ ಸಾರಿಬಿಟ್ಟಿತ್ತು. ಬಂದೂಕೆಂದು ಕಂಡದ್ದು ಮೈಕ್ರೊಫೋನಾದಾಗ ನಿಮ್ಮ ಕಣ್ಣು ಹೇಗೆ ತಪ್ಪಿತೆಂದು ತೋರಿಸಿತ್ತು. ಹ್ಯಾರಿಯ ಕಿವಿ ಅವನ ಆಸೆಗೆ ತಕ್ಕಂತೆ ಕೇಳುತ್ತದೆ ಎಂಬ ಎಚ್ಚರಿಕೆ ಚಿತ್ರ ತೆರೆದಾಗಲೇ ನಮ್ಮ ಕೈಯಲ್ಲಿತ್ತು. ‘ಸ್ಟೇಜ್ ಫ್ರೈಟ್’ನ ಕಾರಿನಲ್ಲಿ ಅಂಥ ಎಚ್ಚರಿಕೆ ಇಲ್ಲ. ಮೇಲೇರುವ ನಾಟಕದ ಪರದೆ ಒಂದು ಸೂಚನೆ ಎಂದು ಕೆಲವರು ವಾದಿಸಬಹುದು, ಆದರೆ ಅದು ಊರಿನ ಮೇಲೆ ಏಳುತ್ತದೆ, ಆ ಯುವಕನ ಮಾತಿಗೆ ತಾಗುವುದಿಲ್ಲ. ಅವನ ನೆನಪು ಓಡುವಾಗ ಬೆಳಕಿನಲ್ಲಾಗಲಿ ಸದ್ದಿನಲ್ಲಾಗಲಿ ಒಂದು ಬಿರುಕನ್ನು ಹಿಚ್‌ಕಾಕ್ ಇಟ್ಟಿದ್ದರೆ ಆ ಫ್ಲ್ಯಾಶ್‌ಬ್ಯಾಕನ್ನು ನಾವು ಇಂದು ಮೆಚ್ಚಿ ಮಾತಾಡುತ್ತಿದ್ದೆವು ಎಂದು ನನಗೆ ಖಂಡಿತವಾಗಿ ಅನ್ನಿಸುತ್ತದೆ. ಕೊನೆಯ ತಿರುವಿಗಾಗಿ ನಾಯಕನ ಬಗ್ಗೆ ಹುಸಿ ಫ್ಲ್ಯಾಶ್‌ಬ್ಯಾಕ್ ಇಡಲು ಹೊರಟ ನಮ್ಮ ಹೊಸ ನಿರ್ದೇಶಕರಲ್ಲಿ ನನ್ನ ವಿನಂತಿಯೂ ಇದೇ. ಇಡಿ, ಸಂಕೋಚ ಬೇಡ. ಅದರ ಮೊದಲ ಶಾಟಿನಲ್ಲೇ, ಎರಡನೆಯ ಸಲ ನೋಡಲು ಬಂದವರ ಕಣ್ಣಿಗೆ ಬೀಳುವ ಹಾಗೆ, ಒಂದು ಬಿರುಕು ಬಿಡಿ.